ಹೆಗಲ ಮೇಲೆ ಎರಡು ಸಲ

ಬ್ರೇಕಿನ ಹಿಡಿಯೊಳಗೆ ಕೂರುವ ಪಿನ್ನು ಕಿರುಬೆರಳಿನ ಉಗುರಿಗಿಂತ ತುಸು ಉದ್ದ. ಮೆದು ಲೋಹದ್ದಾದರೆ ಅದಕ್ಕೆ ಬೀದಿಯಂಗಡಿಯ ಒಂದು ಕಪ್ ಚಹಾದ ದುಡ್ಡು, ಉಕ್ಕಿನದಾದರೆ ಮೂರು ಕಪ್ಪಿನದು. ಒಂದು ಗಾಲಿಕುರ್ಚಿಗೆ ಎರಡು ಬ್ರೇಕು, ಎರಡು ಪಿನ್ನು. ಹಾಗಾಗಿ ಒಂದೊಂದು ಕುರ್ಚಿಯಲ್ಲಿ ಕಂಪನಿ ಉಳಿಸಿಕೊಂಡದ್ದು ನಾಲ್ಕು ಕಪ್ ಚಹಾ. ಇಳಿಜಾರು ಹಲಗೆಯ ಮೇಲೆ ಮರಳು ಚೀಲ ಹೇರಿದ ಕುರ್ಚಿ ಬ್ರೇಕು ಹಾಕಿದ್ದರೂ ಜಾರುವುದನ್ನು ವಿಡಿಯೊದಲ್ಲಿ ತೋರಿಸಿ ಈ ಲೆಕ್ಕ ಹೇಳಿದಾಗ ಜನ ನಕ್ಕಿದ್ದರು. ‘ಗಾಲಿ ಅಕ್ಕ, ಆ ಚಹಾ ನಾನು ಕುಡಿಸ್ತೀನಿ, ಪಿನ್ನು ಬದಲಾಯಿಸೋಕೆ ಹೇಳಿ ಅವರಿಗೆ’ ಎಂದು ಒಬ್ಬ ಕೆಳಗೆ ಬರೆದಿದ್ದ. ಎರಡು ಲಕ್ಷ ಜನ ನೋಡಿದ್ದ ಆ ವಿಡಿಯೊ ಹನ್ನೆರಡು ದಿನಗಳ ಹಿಂದೆ ಮಾಯವಾಗಿತ್ತು. ಅದರ ಜಾಗದಲ್ಲಿ ಒಂದು ಬೂದುಬಣ್ಣದ ಚೌಕ, ಚೌಕದೊಳಗೆ ‘ಹಕ್ಕುದಾರರ ಕೋರಿಕೆಯಂತೆ ತೆಗೆದುಹಾಕಲಾಗಿದೆ’ ಎಂಬ ಒಂದು ಸಾಲು. ಕಾಪಿರೈಟ್ ದೂರು. ನಾಲ್ಕು ದಿನಗಳ ಹಿಂದೆ ಅದೇ ಕಂಪನಿಯ ಕುರ್ಚಿಯ ಬಗ್ಗೆ ಮಾಡಿದ್ದ ಇನ್ನೊಂದು ವಿಡಿಯೊವೂ ಹೋಯಿತು. ಮೂರನೆಯ ದೂರು ಬಂದರೆ ಖಾತೆಯನ್ನೇ ಮುಚ್ಚುತ್ತೇವೆ, ಅದರಲ್ಲಿರುವ ನೂರ ಅರವತ್ತು ವಿಡಿಯೊಗಳೂ ಹೋಗುತ್ತವೆ ಎಂದು ವಿಡಿಯೊ ತಾಣದಿಂದ ಕಾಗದ ಬಂದಿತ್ತು. ದೂರು ಕೊಟ್ಟವರು ಯಾರು ಎಂದು ಅವಳು ಕೇಳಿ ಬರೆದಿದ್ದಳು. ಉತ್ತರ ಇವತ್ತು ಬೆಳಿಗ್ಗೆ, ಆಸ್ಪತ್ರೆಯ ಹಿಂಬಾಗಿಲ ಎದುರಿನ ತನ್ನ ರಿಪೇರಿ ಅಂಗಡಿಯ ಬಾಗಿಲು ಎತ್ತಿ, ನೆಲ ಗುಡಿಸಿ, ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿಟ್ಟ ಮೇಲೆ ಫೋನಿಗೆ ಬಂತು.

ಕಂಪನಿಯ ಹೆಸರು ಇರುತ್ತದೆ ಎಂದುಕೊಂಡಿದ್ದಳು. ಯಾವನಾದರೂ ವಕೀಲನ ಹೆಸರು ಇರಬಹುದು ಎಂದುಕೊಂಡಿದ್ದಳು. ಇದ್ದದ್ದು ನಾದಿನಿಯ ಹೆಸರು. ಮನೆಯಲ್ಲಿ ಕರೆಯುವ ಹೆಸರಲ್ಲ, ಶಾಲೆಯ ಪ್ರಮಾಣಪತ್ರದಲ್ಲಿ ಇದ್ದಂಥ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ‘ಸದರಿ ವಿಡಿಯೊಗಳನ್ನು ಚಿತ್ರೀಕರಿಸಿದವಳು ನಾನು. ಅವುಗಳ ಹಕ್ಕನ್ನು ಕಂಪನಿಗೆ ವಹಿಸಿದ್ದೇನೆ.’ ಅವಳು ಆ ಸಾಲನ್ನು ಮತ್ತೆ ಓದಲಿಲ್ಲ. ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಗೋಡೆಗೆ ನೇತುಹಾಕಿದ್ದ ಗಾಲಿಗಳಲ್ಲಿ ಒಂದನ್ನು ಇಳಿಸಿ, ಅದರ ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡತೊಡಗಿದಳು. ಸಡಿಲಾದ ಕಡ್ಡಿ ಬೇರೆ ಸದ್ದು ಕೊಡುತ್ತದೆ. ಇವತ್ತು ಎಲ್ಲವೂ ಒಂದೇ ಸದ್ದು ಕೊಡುತ್ತಿದ್ದವು, ಅಥವಾ ಅವಳಿಗೇ ಕೇಳುತ್ತಿರಲಿಲ್ಲ. ಬೆಳಿಗ್ಗೆ ಹೊರಡುವಾಗ ನಾದಿನಿ ಅಡುಗೆಮನೆಯಿಂದ, “ಅತ್ತಿಗೆ, ಡಬ್ಬಿಗೆ ಎರಡೇ ರೊಟ್ಟಿ ಸಾಕಾ, ಮೂರು ಹಾಕಲಾ?” ಎಂದು ಕೇಳಿದ್ದಳು. ಮೂರು ಹಾಕು ಎಂದಿದ್ದಳು ಇವಳು. ಆ ಡಬ್ಬಿ ಈಗ ಮೇಜಿನ ಮೂಲೆಯಲ್ಲಿ, ಇನ್ನೂ ಬೆಚ್ಚಗೆ, ಬಟ್ಟೆ ಸುತ್ತಿಕೊಂಡು ಕೂತಿತ್ತು.

ಅವರು ಕೆಲಸ ಮಾಡುತ್ತಿದ್ದ ರೀತಿ ಹೀಗೆ. ಗುರುವಾರ ಮಧ್ಯಾಹ್ನ ಆಸ್ಪತ್ರೆಯ ಹಿಂಬಾಗಿಲ ಕಡೆ ಜನ ಕಡಿಮೆ. ಆ ಹೊತ್ತಿಗೆ ನಾದಿನಿ ಬರುತ್ತಿದ್ದಳು. ಅವಳು ಹದಿನೊಂದು ವರ್ಷ ದುಡಿದಿದ್ದ ಫೋಟೊ ಸ್ಟುಡಿಯೊ ಮುಚ್ಚಿದಾಗ ಕೊನೆಯ ಸಂಬಳದಲ್ಲಿ ಒಳ್ಳೆಯ ಕ್ಯಾಮೆರಾ ಇದ್ದ ಫೋನು ಕೊಂಡಿದ್ದಳು, ಸ್ಟುಡಿಯೊದವರು ಎಸೆಯಲಿದ್ದ ಒಂದು ಮರದ ಸ್ಟೂಲನ್ನೂ ಎತ್ತಿಕೊಂಡು ಬಂದಿದ್ದಳು. ಗಾಲಿ ಅಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುರ್ಚಿಯನ್ನು ಬಿಚ್ಚಲು ಕೂತರೆ, ನಾದಿನಿ ಅವಳ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತು, ಎಡಗೈಯನ್ನು ಇವಳ ಹೆಗಲ ಮೇಲೆ ಊರಿ, ಬಲಗೈಯಲ್ಲಿ ಫೋನು ಹಿಡಿಯುತ್ತಿದ್ದಳು. ಹೆಗಲ ಮೇಲೆ ಒಂದು ತಟ್ಟಿದರೆ ಶುರು ಮಾಡು ಅಂತ. ಎರಡು ತಟ್ಟಿದರೆ ನಿಲ್ಲಿಸು, ಕೈ ಅಡ್ಡ ಬಂತು, ಅಥವಾ ಬೆಳಕು ಹೋಯಿತು. ಮಾತಿಲ್ಲ; ಮಾತಾಡಿದರೆ ಅದೂ ದಾಖಲಾಗುತ್ತದೆ. ಕಷ್ಟದ ಜಾಗ ಬಂದಾಗ ನಾದಿನಿ ಉಸಿರು ಬಿಗಿಹಿಡಿಯುತ್ತಿದ್ದದ್ದು ಇವಳ ಕಿವಿಯ ಹಿಂದೆ ತಿಳಿಯುತ್ತಿತ್ತು, ಆಮೇಲೆ ಬಿಟ್ಟ ಉಸಿರು ಕತ್ತಿಗೆ ತಾಗುತ್ತಿತ್ತು. ಚಿತ್ರದಲ್ಲಿ ಕಾಣುತ್ತಿದ್ದದ್ದು ಇವಳ ಎರಡು ಕೈ ಮಾತ್ರ. ಅಂಗೈಯ ಗೆರೆಗಳಲ್ಲಿ ಕೂತ ಕಪ್ಪು, ತುದಿ ಹಾರಿಹೋದ ಹೆಬ್ಬೆರಳ ಉಗುರು. ಕೈ ನೋಡಿಯೇ ಜನ ಇವಳನ್ನು ಗುರುತಿಸುತ್ತಿದ್ದರು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಒಬ್ಬ ಹೆಂಗಸು ಕೈ ನೋಡಿ, ಮುಖ ನೋಡಿ, “ನೀವು ಗಾಲಿ ಅಕ್ಕ ಅಲ್ವಾ?” ಎಂದಿದ್ದಳು. ನಾದಿನಿ ಪಕ್ಕದಲ್ಲೇ ನಿಂತಿದ್ದಳು. ಅವಳ ಕಡೆ ಆ ಹೆಂಗಸು ನೋಡಿದ್ದಳೋ ಇಲ್ಲವೋ ನೆನಪಾಗಲಿಲ್ಲ.

ಹನ್ನೊಂದು ಗಂಟೆಗೆ ನಿವೃತ್ತ ಮೇಷ್ಟ್ರು ಒಬ್ಬರು ಹೊಚ್ಚಹೊಸ ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು ಬಂದರು. ಅದೇ ಕಂಪನಿಯದು. ಹಿಂಬದಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಪೂರ್ತಿ ಕಿತ್ತಿರಲಿಲ್ಲ, ಆದರೆ ಪಾದ ಇಡುವ ತಟ್ಟೆ ಸೊಟ್ಟಗಾಗಿತ್ತು.

“ಗೇಟಿಗೆ ಹೊಡೀತು,” ಎಂದರು ಮೇಷ್ಟ್ರು. “ನಮ್ಮನೆ ಮುಂದೆ ಸ್ವಲ್ಪ ಇಳಿಜಾರು. ಬ್ರೇಕ್ ಹಾಕಿ ಕನ್ನಡಕ ತರೋಣ ಅಂತ ಒಳಗೆ ಹೋದೆ. ಬರೋ ಅಷ್ಟರಲ್ಲಿ ನಮ್ಮವಳು ಗೇಟ್ ಹತ್ರ ಇದ್ಲು.”

“ಪೆಟ್ಟಾಯ್ತಾ?”

“ಮಣಿಕಟ್ಟು ಊದಿದೆ. ಮುರಿದಿಲ್ಲ ಅಂದ್ರು. ನಲವತ್ತು ವರ್ಷದಲ್ಲಿ ಮೊದಲನೇ ಸಲ ನಿಮ್ಮನ್ನ ಬಿಟ್ಟು ಹೊರಟೆ ನೋಡಿ, ಗೇಟು ಅಲ್ಲಿಗೇ ನಿಲ್ಲಿಸ್ತು ಅಂತ ನಗ್ತಾಳೆ ಅವಳು.” ಅವರು ನಗಲಿಲ್ಲ. ಸ್ವಲ್ಪ ಹೊತ್ತು ಗೋಡೆಯ ಗಾಲಿಗಳನ್ನು ನೋಡಿದರು. “ಪಕ್ಕದ ಮನೆಯವರು ಹೇಳಿದ್ರಮ್ಮ, ತಗೊಳೋ ಮೊದಲು ಗಾಲಿ ಅಕ್ಕನ ವಿಡಿಯೊ ನೋಡಿ ಅಂತ. ಹುಡುಕಿದೆ. ನೀವು ತೆಗೆದುಬಿಟ್ಟಿದ್ರಿ.”

“ನಾನು ತೆಗೀಲಿಲ್ಲ ಮೇಷ್ಟ್ರೇ.”

“ಹಕ್ಕುದಾರರ ಕೋರಿಕೆ ಅಂತ ಇತ್ತು. ವಿಡಿಯೊ ನಿಮ್ದು, ಹಕ್ಕು ಇನ್ಯಾರದು? ನೀವೇ ತೆಗೆದಿದೀರಿ ಅಂದ್ಮೇಲೆ ಕುರ್ಚಿ ಸರಿಯಾಗಿದೆ ಅಂತ ಅರ್ಥ ಮಾಡ್ಕೊಂಡೆ, ತಗೊಂಡೆ.” ಮತ್ತೆ ತಡೆದು, ಪಾಠದಲ್ಲಿ ತಪ್ಪಿದ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ, “ಅಂಗಡಿಯವನು ಹೇಳಿದ, ಕಂಪನಿಯವರು ನಿಮಗೆ ಏನೋ ಕೊಟ್ಟು ಸರಿಮಾಡ್ಕೊಂಡ್ರು ಅಂತ. ನಾನು ನಂಬಲಿಲ್ಲ ಅನ್ನಿ. ಆದ್ರೂ ಕೇಳಿದ್ದು ಹೇಳ್ಬೇಕಲ್ಲ,” ಎಂದರು.

ಅವರು ನಂಬಿದ್ದರು ಎನ್ನುವುದು ಅವರು ಕುರ್ಚಿಯ ಹಿಡಿಯನ್ನು ಬಿಟ್ಟುಕೊಡದೆ ನಿಂತಿದ್ದ ರೀತಿಯಲ್ಲೇ ತಿಳಿಯುತ್ತಿತ್ತು. ಏನು ಹೇಳುವುದು? ನನ್ನ ನಾದಿನಿ ಹಕ್ಕು ಕೊಟ್ಟಳು ಎಂದರೆ ಮನೆಯವರೆಲ್ಲ ಸೇರಿ ಮಾರಿಕೊಂಡ ಹಾಗೇ ಕೇಳಿಸುತ್ತದೆ. “ಉಕ್ಕಿನ ಪಿನ್ನು ಹಾಕಿ ಕೊಡ್ತೀನಿ, ಸಂಜೆ ಐದಕ್ಕೆ ಬನ್ನಿ. ಇದಕ್ಕೆ ಏನೂ ಕೊಡೋದು ಬೇಡ,” ಎಂದಳು. ಹೇಳಿದ ಮೇಲೆ, ಪುಕ್ಕಟೆ ಮಾಡಿಕೊಡುತ್ತೇನೆ ಎಂದದ್ದೇ ತಪ್ಪೊಪ್ಪಿಗೆಯ ಹಾಗಾಯಿತಲ್ಲ ಎಂದು ಹೊಳೆಯಿತು. ಮೇಷ್ಟ್ರು ತಲೆಯಾಡಿಸಿದರು, ಅವರಿಗೂ ಹಾಗೇ ಅನ್ನಿಸಿರಬೇಕು.

ಗಂಡನಿಗೆ ಫೋನು ಮಾಡಿದಳು. ಅವನು ಗೋದಾಮಿನಲ್ಲಿ ಸರಕು ಬರೆದುಕೊಳ್ಳುವವನು, ಕೆಲಸದ ಹೊತ್ತಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡುವವನಲ್ಲ. ವಿಷಯ ಹೇಳಿದಳು. ಅತ್ತ ಕಡೆ ಯಾರೋ ತಳ್ಳುಗಾಡಿ ಎಳೆದ ಸದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಬೇಕಾದ್ದಕ್ಕಿಂತ ಉದ್ದವಾಗಿತ್ತು. “ನಿಮಗೆ ಗೊತ್ತಿತ್ತು,” ಎಂದಳು. “ಮೊನ್ನೆ ಹೇಳಿದ್ಳು. ನಿಂಗೆ ಅವಳೇ ಹೇಳ್ತಾಳೆ ಅಂದ್ಕೊಂಡೆ ಕಣೆ. ತಂಗಿ, ಹೆಂಡತಿ, ಮಧ್ಯೆ ನಾನೇನು ಹೇಳ್ಲಿ?” ಎಂದ ಅವನು. ಮೊನ್ನೆ ಎಂದರೆ ಮಂಗಳವಾರ. ಮಂಗಳವಾರ ಮೂವರೂ ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದ್ದರು. ಇವಳು ಕಂಪನಿಯವರನ್ನು ಬಾಯಿಗೆ ಬಂದ ಹಾಗೆ ಬೈದಿದ್ದಳು, ಅವರಿಬ್ಬರೂ ಹೌದು ಹೌದು ಎಂದಿದ್ದರು, ನಾದಿನಿ ಇವಳ ಲೋಟಕ್ಕೆ ನೀರು ಹಾಕಿದ್ದಳು. ಒಂದು ಗಂಟೆಗೆ ಹಸಿವಾಯಿತು. ಡಬ್ಬಿ ತೆರೆಯಬಾರದು ಎಂದುಕೊಂಡು ಇನ್ನರ್ಧ ಗಂಟೆ ಒಂದು ವಾಕರಿನ ಕಾಲುಗಳನ್ನು ಅಳೆಯುತ್ತ ಕೂತಳು. ಆಮೇಲೆ ತೆರೆದು, ಮೂರನ್ನೂ ತಿಂದಳು. ರುಚಿಯಾಗಿತ್ತು. ಅದು ಅವಳಿಗೆ ಬೆಳಗಿನ ಕಾಗದಕ್ಕಿಂತ ಹೆಚ್ಚು ಅವಮಾನ ಅನ್ನಿಸಿತು.

ದೂರು ತಪ್ಪು ಎನ್ನುವವರಿಗೆ ಒಂದು ನಮೂನೆ ಇತ್ತು. ಹೆಸರು, ವಿಳಾಸ, ಆಮೇಲೆ ಒಂದೇ ವಾಕ್ಯ: ‘ಈ ವಿಡಿಯೊ ಸಂಪೂರ್ಣವಾಗಿ ನನ್ನ ಸ್ವಂತ ಕೆಲಸವೆಂದು ಪ್ರಮಾಣ ಮಾಡಿ ಹೇಳುತ್ತೇನೆ.’ ಪಕ್ಕದ ಪುಟ್ಟ ಚೌಕಕ್ಕೆ ಬೆರಳು ತಾಗಿಸಿದರೆ ಮುಗಿಯಿತು. ಬುದ್ಧಿ ನನ್ನದು, ಕೈ ನನ್ನದು, ಮಾತು ನನ್ನದು, ಮರಳು ಚೀಲ ಹೊತ್ತದ್ದು ನಾನು. ತಾಗಿಸಬಹುದು. ಬೆರಳು ಗಾಜಿನ ಹತ್ತಿರ ಹೋಗಿ ನಿಂತಿತು. ಗಾಲಿಕುರ್ಚಿಯವರ ಸಂಘದವರು ಒಂದು ಸಭೆ ಕರೆದು ಇವಳಿಗೆ ಫಲಕ ಕೊಟ್ಟಿದ್ದರು, ಹೋದ ವರ್ಷ. ನಿರೂಪಣೆ ಮಾಡುತ್ತಿದ್ದವ ಮೈಕು ಚಾಚಿ, “ಇಷ್ಟು ಚೆನ್ನಾಗಿ ಶೂಟ್ ಮಾಡೋರು ಯಾರು ಅಕ್ಕಾ?” ಎಂದ. ಮುಂದೆ ಇನ್ನೂರು ಜನ. “ಅಯ್ಯೋ, ಯಾರೂ ಇಲ್ಲಪ್ಪ, ಎಲ್ಲ ನಾನೇ. ಮನೇಲಿ ಯಾರಾದ್ರೂ ಫೋನ್ ಹಿಡ್ಕೊಳ್ತಾರೆ, ಅಷ್ಟೆ,” ಎಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೂ ಮನೆಯ ಆ ‘ಯಾರಾದರೂ’, ನಾದಿನಿ, ಸಭಾಂಗಣದ ಹಿಂಭಾಗದಲ್ಲಿ ನಿಂತು ಫೋನು ಹಿಡಿದುಕೊಂಡಿದ್ದಳು. ಆಮೇಲೆ ಮನೆಯಲ್ಲಿ ಆ ವಿಡಿಯೊ ನೋಡಿದಾಗ ಇವಳು ಗಮನಿಸಿದ್ದು, ತನ್ನ ಆ ಮಾತಿನ ಜಾಗದಲ್ಲೂ ಚಿತ್ರ ಒಂದಿಷ್ಟೂ ಅಲುಗಿರಲಿಲ್ಲ. ಎಂಥ ಕೈ ಎಂದು ಮೆಚ್ಚಿಕೊಂಡಿದ್ದಳು. ಮೆಚ್ಚಿಕೊಂಡದ್ದನ್ನು ಬಾಯಿಬಿಟ್ಟು ಹೇಳಿದ್ದಳೇ? ಹೇಳಿರಬೇಕು. ಹೇಳಿರಲಿಲ್ಲ. ಫೋನಿನ ಬೆಳಕು ತಾನಾಗಿ ಆರಿತು. ಚೌಕ ಖಾಲಿಯಾಗಿಯೇ ಉಳಿಯಿತು.

ಮೂರು ಗಂಟೆಗೆ ನಾದಿನಿ ಬಂದಳು. ಗುರುವಾರವಾದ್ದರಿಂದ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಮೂಲೆಯ ಸ್ಟೂಲನ್ನು ಎಳೆದುಕೊಂಡು, ಫೋನಿನ ಗಾಜನ್ನು ಬಟ್ಟೆಯ ಅಂಚಿನಿಂದ ಒರೆಸುತ್ತ, “ಇವತ್ತು ವಾಕರ್ ರಬ್ಬರ್ ಅಂದಿದ್ರಲ್ಲ ಅತ್ತಿಗೆ? ಬೆಳಕು ಚೆನ್ನಾಗಿದೆ, ಬೇಗ ಕೂತ್ಕೊಳ್ಳಿ,” ಎಂದಳು. ಇವಳು ತನ್ನ ಫೋನನ್ನು ಮುಂದೆ ಹಿಡಿದಳು. ನಾದಿನಿ ಓದಿದಳು. ಓದಿ ಮುಗಿದ ಮೇಲೂ ಓದುತ್ತಿರುವವಳ ಹಾಗೆ ನೋಡುತ್ತಲೇ ಇದ್ದಳು.

“ಹೆಸರು ಕಾಣಿಸಲ್ಲ ಅಂದಿದ್ರು,” ಎಂದಳು ಕೊನೆಗೆ.

“ಯಾರು?”

“ಕಂಪನಿಯವರು.” ಆಮೇಲೆ, “ಅಪ್ಪನ ಹೆಸರೂ ಹಾಕಿದಾರೆ,” ಎಂದಳು.

“ಏನಕ್ಕೆ ಸೈನ್ ಮಾಡ್ತಿದೀಯ ಅಂತ ಗೊತ್ತಿರ್ಲಿಲ್ವೇನೆ ನಿಂಗೆ?” ಇಲ್ಲ ಅನ್ನಲಿ ಎಂದು ಇವಳು ಕಾದಳು. ಇಲ್ಲ ಅಂದಿದ್ದರೆ ಎಲ್ಲವನ್ನೂ ಎಲ್ಲಿಗಾದರೂ ತಳ್ಳಬಹುದಿತ್ತು.

“ಗೊತ್ತಿತ್ತು. ಎರಡು ಸಲ ಓದಿದೀನಿ ಅತ್ತಿಗೆ. ಸುಳ್ಳು ಯಾಕೆ ಹೇಳ್ಲಿ?” ನಾದಿನಿ ಸ್ಟೂಲಿನ ಮೇಲೆ ಕೂತಳು. “ಮುಂದಿನ ತಿಂಗಳಿಂದ ಅವರ ವಿಡಿಯೊ ವಿಭಾಗದಲ್ಲಿ ಕೆಲಸ. ಮೂರು ವರ್ಷ ನಿಮ್ಮನೇಲಿ ಕೂತು ತಿಂದಿದೀನಿ.”

“ನಿಮ್ಮನೆ ಅಂತೀಯಲ್ಲ. ನಾವ್ಯಾರಾದ್ರೂ ಒಂದು ಮಾತು ಅಂದ್ವಾ?”

“ಅನ್ಲಿಲ್ಲ. ಅನ್ನದೇ ಇರೋದನ್ನ ಮೂರು ವರ್ಷ ಕೇಳಿಸ್ಕೊಂಡೆ.” ಹೇಳಿ ಅವಳಿಗೇ ನಗು ಬಂದ ಹಾಗಾಯಿತು, ತಡೆದುಕೊಂಡಳು. “ಕಂಪನಿಯಿಂದ ಬಂದ ಮನುಷ್ಯ ಮೊದಲು ಕೇಳಿದ್ದೇ ಇದನ್ನ ಶೂಟ್ ಮಾಡಿದ್ದು ಯಾರು ಅಂತ. ಹೆಗಲ ಮೇಲೆ ಕೈ ಇಟ್ಟು ಹಿಡಿದಿದೀರಲ್ವಾ, ಅದಕ್ಕೇ ಅಲುಗಿಲ್ಲ ಅಂದ. ಅವನಿಗೆ ತಿಳೀತು ನೋಡಿ.”

“ಅದಕ್ಕೆ ಕೊಟ್ಟುಬಿಟ್ಯಾ?”

“ನಂದನ್ನೇ ತಾನೇ ಕೊಟ್ಟಿದ್ದು?”

“ಕುರ್ಚಿ ಜಾರೋದೂ ನಿಂದೇನಾ? ಅದನ್ನ ಮುಚ್ಚೋಕೆ ತಾನೇ ಅವರು ತಗೊಂಡಿದ್ದು? ನಿನ್ನ ಕೈ ಚೆನ್ನಾಗಿದೆ ಅಂತಾನಾ?” ಇವಳು ಮೇಷ್ಟ್ರ ಕುರ್ಚಿಯ ಸೊಟ್ಟ ತಟ್ಟೆಯನ್ನು ತೋರಿಸಿದಳು. ಅವರ ಹೆಂಡತಿಯ ಮಣಿಕಟ್ಟಿನ ವಿಷಯ ಹೇಳಿದಳು. ಕಂಪನಿ ದುಡ್ಡು ಕೊಟ್ಟಿದೆಯಂತೆ ನನಗೆ ಎಂದಳು. ಧ್ವನಿ ಏರಲಿಲ್ಲ, ಏರಿಸಬೇಕೆಂದಿದ್ದಳು, ಆಗಲಿಲ್ಲ. ನಾದಿನಿ ಸೊಟ್ಟ ತಟ್ಟೆಯನ್ನು ಕಾಲಿನಿಂದ ಮೆಲ್ಲಗೆ ಮುಟ್ಟಿ, “ತುಂಬಾ ಪೆಟ್ಟಾಯ್ತಾ ಅವರಿಗೆ?” ಎಂದು ಕೇಳಿದಳು. ಇವಳು ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಮೊದಲೇ ನನ್ನ ಕೇಳಬಹುದಿತ್ತು.”

“ಕೇಳಿದ್ರೆ ಒಪ್ತಿದ್ರಾ?”

“ಇಲ್ಲ.”

“ನೋಡಿ ಮತ್ತೆ.”

ಹೊರಗೆ ಆಂಬುಲೆನ್ಸೊಂದು ಹಿಂದಕ್ಕೆ ಸರಿಯುತ್ತ ಕಿರುಚಿತು. ಸಭೆಯಲ್ಲಿ ಹೇಳಿದ್ದ ಆ ಮಾತನ್ನು ನಾದಿನಿ ಈಗ ಎತ್ತುತ್ತಾಳೆ ಎಂದು ಇವಳು ಕಾಯುತ್ತಿದ್ದಳು. ಎತ್ತಿದರೆ ಕ್ಷಮೆ ಕೇಳಬಹುದು, ಕೇಳಿದರೆ ತಕ್ಕಡಿ ಸಮವಾಗಬಹುದು. ನಾದಿನಿ ಎತ್ತಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, “ಸ್ಟೂಲ್ ತಗೊಂಡು ಹೋಗ್ಲಾ?” ಎಂದಳು. “ನಿಂದೇ ತಾನೇ,” ಎಂದಳು ಇವಳು. ನಾದಿನಿ ಸ್ಟೂಲನ್ನು ಸೊಂಟಕ್ಕೆ ಒತ್ತಿಕೊಂಡು, ಆಸ್ಪತ್ರೆಯ ಗೋಡೆಯ ಪಕ್ಕದ ನೆರಳಿನಲ್ಲೇ, ತಿರುಗಿ ನೋಡದೆ ಹೋದಳು.

ಪಿನ್ನು ಬದಲಾಯಿಸಲು ಸ್ಪ್ಯಾನರು ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು. ಹಲಗೆಯನ್ನು ಇಳಿಜಾರಾಗಿ ನಿಲ್ಲಿಸಿ, ಮೇಷ್ಟ್ರ ಕುರ್ಚಿಯನ್ನು ಅದರ ಮೇಲೆ ಹತ್ತಿಸಿ, ಎರಡೂ ಬ್ರೇಕು ಹಾಕಿ, ಮೂರು ಮರಳು ಚೀಲಗಳನ್ನು ಒಂದೊಂದಾಗಿ ತಂದು ಕೂರಿಸಿದಳು. ತನ್ನ ಹಳೆಯ ಫೋನನ್ನು ಒಂದು ವಾಕರಿನ ಕಂಬಿಗೆ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು, ವಾಕರನ್ನು ಹಲಗೆಯ ಬುಡದಲ್ಲಿ ಇಟ್ಟಳು. ಗಾಜಿನ ಮೇಲೆ ಗೀರು ಇತ್ತು. ಚಿತ್ರದ ಮಧ್ಯೆ ಒಂದು ಕೂದಲು ಬಿದ್ದ ಹಾಗೆ ಕಾಣುತ್ತಿತ್ತು. ಗುಂಡಿ ಒತ್ತಿ ನೆಲದ ಮೇಲೆ ಕೂತಳು. ಕೂತವಳು ಶುರು ಮಾಡಲಿಲ್ಲ. ಯಾಕೆ ತಡ ಎಂದು ತನಗೇ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು: ಹೆಗಲು ಒಂದು ತಟ್ಟಿಗಾಗಿ ಕಾಯುತ್ತಿತ್ತು. ಆ ಕಾಯುವಿಕೆಯೂ ದಾಖಲಾಯಿತು. ಆಮೇಲೆ ಮಾತಾಡಿದಳು. ಈ ಪರೀಕ್ಷೆಯನ್ನು ಮೊದಲೂ ಮಾಡಿದ್ದೆ, ನಾನು ತೆಗೆದುಹಾಕಿಲ್ಲ, ದುಡ್ಡು ತಗೊಂಡಿಲ್ಲ ಎಂದಳು. “ಅದನ್ನ ಶೂಟ್ ಮಾಡಿದ್ದು ನನ್ನ ನಾದಿನಿ. ಇಲ್ಲೀವರೆಗಿನ ನೂರ ಅರವತ್ತೆರಡನ್ನೂ ಅವಳೇ ಮಾಡಿದ್ದು,” ಎಂದು ಹೇಳಿ, ಅವಳ ಹೆಸರನ್ನು, ಕಾಗದದಲ್ಲಿ ಇದ್ದ ಹಾಗೆ, ತಂದೆಯ ಹೆಸರಿನ ಸಮೇತ ಹೇಳಿದಳು. ಹೇಳುವಾಗ ಅದು ಸಲ್ಲಬೇಕಾದದ್ದನ್ನು ಸಲ್ಲಿಸಿದ್ದೋ, ಊರೆಲ್ಲ ಕೇಳಲಿ ಎಂದು ಬೆರಳು ತೋರಿಸಿದ್ದೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಎರಡೂ ಇರಬೇಕು. ಮೊದಲನೆಯ ಸಲ ಕುರ್ಚಿ ಜಾರಿದ್ದು ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ. ಈ ಸಲ ಮೂರೂವರೆ ನಿಮಿಷಕ್ಕೇ ಬ್ರೇಕಿನ ಹಿಡಿ ಟಕ್ ಎಂದಿತು, ಕುರ್ಚಿ ಮೊದಲು ಒಂದು ಬೆರಳಿನಷ್ಟು, ಆಮೇಲೆ ನೆಟ್ಟಗೆ ಇಳಿದು ಬಂದು ವಾಕರಿಗೆ ಗುದ್ದಿ ಅದನ್ನು ಕೆಡವಿತು. ಚಿತ್ರದಲ್ಲಿ ಕೊನೆಗೆ ಉಳಿದದ್ದು ಅಂಗಡಿಯ ಮಾಡು, ಅಲ್ಲಿ ತಿರುಗುತ್ತಿದ್ದ ಫ್ಯಾನು. ಕತ್ತರಿಸಲಿಲ್ಲ. ಹಾಗೇ ಹಾಕಿದಳು.

ಐದಕ್ಕೆ ಮೇಷ್ಟ್ರು ಬಂದಾಗ ಉಕ್ಕಿನ ಪಿನ್ನುಗಳು ಕೂತಿದ್ದವು, ತಟ್ಟೆ ನೇರವಾಗಿತ್ತು. ಅವರು ನಿಂತೇ ವಿಡಿಯೊ ನೋಡಿದರು. ಕುರ್ಚಿ ಇಳಿಯುವಾಗ ಕೈ ಮುಂದೆ ಚಾಚಿದರು, ಹಿಡಿಯುವವರ ಹಾಗೆ. “ನಮ್ಮವಳು ಗೇಟಿಗೆ ಹೋಗಿದ್ದೂ ಹೀಗೇ,” ಎಂದರು. ಜೇಬಿಗೆ ಕೈ ಹಾಕಿ ಪಿನ್ನಿನ ದುಡ್ಡು ಎಷ್ಟು ಎಂದು ಕೇಳಿದರು. ಈ ಸಲ ಇವಳು ತೆಗೆದುಕೊಂಡಳು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಗಂಡ ಇನ್ನೂ ಬಂದಿರಲಿಲ್ಲ. ಖಾಲಿ ಡಬ್ಬಿಯನ್ನು ತೊಳೆಯಲು ನಿಂತವಳಿಗೆ ನಾದಿನಿಯ ಕೋಣೆಯ ಮುಚ್ಚಿದ ಬಾಗಿಲಿನಿಂದ ತನ್ನದೇ ಧ್ವನಿ ಕೇಳಿಸಿತು. ‘ನಾನು ತೆಗೆದುಹಾಕಿಲ್ಲ.’ ನಲ್ಲಿ ನಿಲ್ಲಿಸಿದಳು. ಹೆಸರು ಬಂತು, ತಂದೆಯ ಹೆಸರು ಬಂತು. ಧ್ವನಿ ನಿಂತಿತು. ಸ್ವಲ್ಪ ಹಿಂದಕ್ಕೆ ಹೋಗಿ ಹೆಸರು ಮತ್ತೊಮ್ಮೆ ಬಂತು, ಮತ್ತೆ ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಏನನ್ನೋ ಟೈಪು ಮಾಡುತ್ತಿದ್ದಾಳೆ ಎಂದು ಮೊದಲು ಅನ್ನಿಸಿತು. ಅಳುತ್ತಿದ್ದಾಳೆ ಎಂದು ಆಮೇಲೆ ಅನ್ನಿಸಿತು. ನೋಡುವುದಕ್ಕೆ ಹಾಕಿಕೊಂಡದ್ದೋ, ಕಂಪನಿಗೆ ಕಳಿಸುವುದಕ್ಕೋ. ಮೂರನೆಯ ದೂರು ಬರೆಯಲು ಐದು ನಿಮಿಷ ಸಾಕು. ಬಾಗಿಲು ತಟ್ಟಿ ಕೇಳಬಹುದಿತ್ತು. ನಾದಿನಿ ಏನು ಹೇಳಿದರೂ ತಾನು ನಂಬುವುದಿಲ್ಲ ಎಂದು ತಿಳಿದ ಮೇಲೆ ಕೇಳಲಿಲ್ಲ. ಊಟದ ಮೇಜಿನಲ್ಲಿ ಇವಳ ಜಾಗ ನಾದಿನಿಯ ಬಾಗಿಲಿಗೆ ಬೆನ್ನು ಮಾಡಿ ಇತ್ತು, ಮದುವೆಯಾಗಿ ಬಂದ ದಿನದಿಂದಲೂ. ಆ ಕುರ್ಚಿಯನ್ನು ಎತ್ತಿ, ಮೇಜಿನ ಈ ಕಡೆಗೆ ತಂದು, ಬಾಗಿಲಿಗೆ ಮುಖ ಮಾಡಿ ಕೂತಳು.

ಆ ಕಂಪನಿಯ ಬ್ರೇಕು ಇಳಿಜಾರಿನಲ್ಲಿ ನಿಲ್ಲುವುದಿಲ್ಲ ಎನ್ನುವುದು ಮತ್ತೆ ಜನರ ಮುಂದೆ ಇತ್ತು. ಸಂಜೆಯೊಳಗೆ ನಾನೂರು ಜನ ನೋಡಿದ್ದರು. ಅದು ಉಳಿಯಿತು, ಸದ್ಯಕ್ಕೆ. ಹೋದದ್ದು ಒಂದೇ: ಇನ್ನೊಬ್ಬರನ್ನು ನಂಬಿ, ಬೆನ್ನು ಮಾಡಿ ಕೂತು ಕೆಲಸ ಮಾಡುವುದು.